ಹಳೇ ಡೀಸೆಲ್ ಇಂಜಿನ್ ಮತ್ತೆ ಕಟ್ಟುವಾಗ ಯಾವ ಭಾಗ ಯಾವುದಕ್ಕೆ ಕೂರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ದೊಡ್ಡ ಗಾಲಿ, ನಡುವೆ ನೆಟ್ಟಗೆ ನಿಂತ ಒಂದು ಸಿಲಿಂಡರ್, ಪಕ್ಕದಲ್ಲಿ ನೀರಿನ ಬ್ಯಾರಲ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹಿಟ್ಟಿನ ಗಿರಣಿ, ಬಾವಿ ಪಂಪು, ಕಬ್ಬಿನ ಗಾಣ ಎಲ್ಲವೂ ಒಂದು ಕಾಲಕ್ಕೆ ಇಂಥ ಇಂಜಿನ್ ಮೇಲೆಯೇ ನಡೆದವು. ಮುಧೋಳ ಕಡೆಯ ನಮ್ಮ ಅಜ್ಜನ ಗಿರಣಿಯಲ್ಲೂ ಒಂದಿತ್ತು. ಅದರ ‘ಟುಕ್ ಟುಕ್’ ನಿಂತರೆ ಓಣಿಯ ಹೆಂಗಸರು ಹೊರಗೆ ಬಂದು ‘ಏನಾತು?’ ಎಂದು ಕೇಳುತ್ತಿದ್ದರು. ಕರೆಂಟ್ ಮೋಟಾರು ಬಂದ ಮೇಲೆ ಇವೆಲ್ಲ ಮೂಲೆ ಸೇರಿದವು. ಈಗ ಮೊಮ್ಮಕ್ಕಳು ಧೂಳು ಕೊಡವಿ ಹೊರಗೆ ತೆಗೆಯುತ್ತಿದ್ದಾರೆ. ಬೆಳಗಾವಿಯಲ್ಲಿ ನನ್ನ ಲೇತ್ ಹತ್ತಿರ ಬಂದು ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಇರುತ್ತವೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಇಂಜಿನ್ ಇಂಗ್ಲೆಂಡಿನ ಅಸಲಿ ಲಿಸ್ಟರೋ, ಇಲ್ಲಿಯ ನಕಲೋ? ಹೇಗೆ ಗೊತ್ತಾಗುತ್ತದೆ?

ಹೆಸರಿನ ಪಟ್ಟಿಯನ್ನು ಕೊನೆಗೆ ನೋಡಿ. ಎರಡು ಸ್ಕ್ರೂ ಬಿಚ್ಚಿದರೆ ಪಟ್ಟಿ ಒಂದು ಇಂಜಿನ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ಮೊದಲು ಕಬ್ಬಿಣವನ್ನು ನೋಡಿ.

ಲಿಸ್ಟರ್ ಸಿಎಸ್ ಇಂಗ್ಲೆಂಡಿನ ಡರ್ಸ್ಲಿ ಊರಿನಲ್ಲಿ 1930ರ ಸುಮಾರಿಗೆ ಶುರುವಾದ ಮಾದರಿ. ಮೊದಲು 5/1 ಬಂತು. ಅಂದರೆ 5 ಎಚ್‌ಪಿ, ಒಂದು ಸಿಲಿಂಡರ್, 600 ಆರ್‌ಪಿಎಂ. ಆಮೇಲೆ 650 ಆರ್‌ಪಿಎಂನ 6/1 ಬಂತು. ಡರ್ಸ್ಲಿಯ ಇಂಜಿನ್‌ಗಳಲ್ಲಿ ಹೆಚ್ಚಿನವುಗಳ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮೇಲೆ ಒಂದು ಸಣ್ಣ ಕೈಗಾಲಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಅದನ್ನು ಒಳಗೆ ತಿರುಗಿಸಿದರೆ ಕಂಪ್ರೆಶನ್ (ಒಳಗಿನ ಗಾಳಿಯ ಒತ್ತಡ) ಏರುತ್ತದೆ, ಪೂರ್ತಿ ಲೋಡ್ ಬಿದ್ದಾಗ ಹೊರಗೆ ತಿರುಗಿಸಬೇಕು. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ಟೇಪರ್ ರೋಲರ್ ಬೇರಿಂಗ್ ಇರುತ್ತದೆ.

ರಾಜಕೋಟ್ ಮತ್ತಿತರ ಕಡೆ ತಯಾರಾದ ನಮ್ಮ ದೇಶದ ನಕಲುಗಳಲ್ಲಿ ಆ ಕೈಗಾಲಿ ಸಾಮಾನ್ಯವಾಗಿ ಇರುವುದಿಲ್ಲ. ಮೇನ್ ಬೇರಿಂಗ್ ಜಾಗದಲ್ಲಿ ಕೆಲವದರಲ್ಲಿ ಬುಶ್ (ರೋಲರ್ ಇಲ್ಲದ ಕೊಳವೆಯಂಥ ಬೇರಿಂಗ್), ಕೆಲವದರಲ್ಲಿ ರೋಲರ್.

ಒಂದು ಮಾತು ಮಾತ್ರ ನೆನಪಿರಲಿ. ಅಸಲಿ ಅಂತ ಗೊತ್ತಾದರೆ ಮನಸ್ಸಿಗೆ ಖುಷಿ, ಮಾರುವಾಗ ಎರಡು ಕಾಸು ಜಾಸ್ತಿ. ಭಾಗ ಹುಡುಕುವಾಗ ಕೈ ಹಿಡಿಯುವುದು ಅಳತೆ ನೋಡುವ ವರ್ನಿಯರ್.

ನಕಲು ಎಂದರೆ ಅದೇ ಡ್ರಾಯಿಂಗ್ ತಾನೆ? ಹಾಗಾದರೆ ಭಾಗಗಳು ಅದಲು ಬದಲು ಆಗಬೇಕಲ್ವಾ?

ಆಗಬೇಕು, ಆದರೆ ಆಗುವುದಿಲ್ಲ. 6/1ರ ಬೋರ್ (ಸಿಲಿಂಡರ್ ರಂಧ್ರದ ಅಗಲ) ನಾಲ್ಕೂವರೆ ಇಂಚು, ಅಂದರೆ 114.3 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಐದೂವರೆ ಇಂಚು, 139.7 ಮಿ.ಮೀ. ಲೆಕ್ಕ ಹಾಕಿದರೆ 1433 ಸಿಸಿ. ನಮ್ಮಲ್ಲಿ ಸಿಗುವ 8 ಮತ್ತು 10 ಎಚ್‌ಪಿ ಇಂಜಿನ್‌ಗಳಲ್ಲಿ ಸ್ಟ್ರೋಕ್ ಅದೇ, ಬೋರ್ ಮಾತ್ರ ಸಾಮಾನ್ಯವಾಗಿ 120 ಮಿ.ಮೀ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಅಂಗಡಿಯವರು ‘ಲಿಸ್ಟರ್ ಟೈಪ್ ಪಿಸ್ಟನ್’ ಎಂದು ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ.

ಇನ್ನೊಂದು ಕಾರಣವೂ ಇದೆ. ಎಷ್ಟೋ ಭಾಗಗಳು ಡ್ರಾಯಿಂಗ್ ನೋಡಿ ಆದವಲ್ಲ, ಹಳೇ ಭಾಗವನ್ನೇ ಮುಂದಿಟ್ಟುಕೊಂಡು ಮಾಡಿದವು. ಆ ಹಳೇ ಭಾಗ ಸವೆದಿದ್ದರೆ ಸವೆತವೂ ನಕಲಾಗುತ್ತದೆ. ಕೆಲವರು ಇಂಚನ್ನು ಮಿಲಿಮೀಟರ್‌ಗೆ ತಿರುಗಿಸುವಾಗ ಸುತ್ತಿನ ಸಂಖ್ಯೆ ಹಿಡಿದರು. ಹೀಗಾಗಿ ಪುಶ್‌ರಾಡ್, ರಾಕರ್, ಕಿಟಕಿ ಬಾಗಿಲು (ಇಂಜಿನ್ ಒಳಗೆ ನೋಡುವ ಕಿಂಡಿಯ ಮುಚ್ಚಳ) ಇವೆಲ್ಲ ಬಹಳ ಸಲ ಹೊಂದುತ್ತವೆ. ಗೇರ್, ಕ್ಯಾಮ್, ಬುಶ್ ಇವನ್ನು ಅಳೆಯದೆ ತರಬೇಡಿ.

ಬಿಚ್ಚುವ ಮೊದಲು ಏನು ಮಾಡಬೇಕು?

ಫೋಟೋ ತೆಗೆಯಿರಿ, ಅದು ಎಲ್ಲರಿಗೂ ಗೊತ್ತು. ಪಂಚ್ ಹೊಡೆದು ಗುರುತು ಮಾಡುವುದನ್ನು ಮಾತ್ರ ಯಾರೂ ಮಾಡುವುದಿಲ್ಲ.

ನಾನು ಕಲಿಯುವ ದಿನಗಳಲ್ಲಿ ಎರಡು ಇಂಜಿನ್ ಒಟ್ಟಿಗೆ ಬಿಚ್ಚಿದ್ದೆ. ಕನೆಕ್ಟಿಂಗ್ ರಾಡ್ ಎರಡು, ಅವುಗಳ ಕೆಳಗಿನ ಕ್ಯಾಪ್ ಎರಡು. ಸೀಮೆಎಣ್ಣೆಯಲ್ಲಿ ತೊಳೆದು ಹಲಗೆ ಮೇಲೆ ಒಣಗಿಸಿದೆ. ಜೋಡಿಸುವಾಗ ಕ್ಯಾಪುಗಳು ಅದಲು ಬದಲಾಗಿದ್ದು ನನಗೆ ಗೊತ್ತಾಗಲೇ ಇಲ್ಲ. ಬೋಲ್ಟು ಚೆನ್ನಾಗಿಯೇ ಕೂತವು. ಇಂಜಿನ್ ಹತ್ತು ನಿಮಿಷ ಓಡಿತು, ಆಮೇಲೆ ಬೇರಿಂಗ್ ಹಿಡಿದು ನಿಂತಿತು. ರಾಡ್ ಮತ್ತು ಕ್ಯಾಪನ್ನು ಕಟ್ಟಿ ಒಟ್ಟಿಗೆ ಬೋರ್ ಮಾಡಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ, ಅಥವಾ ಅದೇ ಕ್ಯಾಪನ್ನು ತಿರುಗಾ ಮುರುಗಾ ಹಾಕಿದರೆ, ರಂಧ್ರ ಗುಂಡಗೆ ಉಳಿಯುವುದಿಲ್ಲ. ಕಣ್ಣಿಗೆ ಕಾಣದ ಎರಡು ಮೂರು ಥೌ (ಇಂಚಿನ ಸಾವಿರದ ಒಂದು ಪಾಲು) ವ್ಯತ್ಯಾಸ ಸಾಕು.

ಅಂದಿನಿಂದ ರಾಡ್‌ಗೊಂದು ಚುಕ್ಕೆ, ಅದರ ಕ್ಯಾಪಿಗೆ ಅದೇ ಬದಿಯಲ್ಲಿ ಒಂದು ಚುಕ್ಕೆ. ಎರಡನೇ ಇಂಜಿನ್‌ಗೆ ಎರಡೆರಡು. ಟೈಮಿಂಗ್ ಗೇರ್‌ಗಳಲ್ಲಿ ಹಳೇ ಗುರುತು ಸಿಗದಿದ್ದರೆ ಪಿಸ್ಟನ್ ಮೇಲಿನ ತುದಿಗೆ ತಂದು, ನಿಮ್ಮದೇ ಗುರುತು ಹಾಕಿಕೊಂಡು, ಆಮೇಲೆ ಬಿಚ್ಚಿ. ಸಿಲಿಂಡರ್ ಬುಡದಲ್ಲಿ ಎತ್ತರ ಹೊಂದಿಸಲು ಇಟ್ಟಿರುವ ತೆಳು ಶಿಮ್‌ಗಳನ್ನು ಹರಿದು ಬಿಸಾಡಬೇಡಿ. ಎಷ್ಟಿವೆ, ಎಷ್ಟು ದಪ್ಪ ಎಂದು ಬರೆದಿಡಿ.

ಯಾವ ಭಾಗಗಳನ್ನು ಜೋಡಿ ಮುರಿಯಲೇಬಾರದು?

ಡೀಸೆಲ್ ಪಂಪಿನ ಪ್ಲಂಜರ್ ಮತ್ತು ಬ್ಯಾರಲ್ ಮೊದಲನೆಯದು. ಒಂದನ್ನೊಂದು ತೀಡಿ ಕೂಡಿಸಿದ ಜೋಡಿ ಅದು. ನಡುವಿನ ಸಂದು ಕೆಲವೇ ಮೈಕ್ರಾನ್. ಎರಡು ಪಂಪು ಬಿಚ್ಚಿ ‘ಒಳ್ಳೇದು ಒಳ್ಳೇದು ಕೂಡಿಸೋಣ’ ಎಂದರೆ ಎರಡೂ ಹಾಳು. ನಾಝಲ್ ಮತ್ತು ಅದರ ಸೂಜಿ ಕೂಡ ಹಾಗೆಯೇ. ಡೆಲಿವರಿ ವಾಲ್ವ್ ಮತ್ತು ಸೀಟ್ ಕೂಡ. ಬೇಕಾದರೆ ಜೋಡಿಯಾಗಿಯೇ ಬದಲಿಸಿ.

ಟೇಪರ್ ಬೇರಿಂಗ್‌ನ ಕೋನ್ (ಒಳಭಾಗ) ಮತ್ತು ಕಪ್ (ಹೊರಭಾಗ) ಒಟ್ಟಿಗೆ ಓಡಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಅವನ್ನೂ ಬೇರೆ ಮಾಡಬೇಡಿ. ಓಡಿದ ಗೇರ್‌ಗಳೂ ಹಾಗೆಯೇ: ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಇಡೀ ಓಣಿಗೆ ಕೇಳುವಂತೆ ಕಿರುಚುತ್ತವೆ.

ಎರಕದ ಮೇಲಿನ ಉಬ್ಬಿದ ನಂಬರ್ ಹೊಂದಿದರೆ ಭಾಗವೂ ಹೊಂದುತ್ತದೆಯೇ?

ಇಲ್ಲ. ಉಬ್ಬಿದ ನಂಬರ್ ಅಚ್ಚಿನದು. ಒಂದೇ ಅಚ್ಚಿನಲ್ಲಿ ಎರೆದ ಹೆಡ್ ಅನ್ನು ಎರಡು ಥರ ಮಶಿನ್ ಮಾಡಿರಬಹುದು. ಮಶಿನ್ ಆದ ಮೇಲೆ ಪಂಚ್ ಹೊಡೆದ ನಂಬರ್ ಇದ್ದರೆ ಅದಕ್ಕೆ ಬೆಲೆ ಜಾಸ್ತಿ.

ಬೋಲ್ಟು ನಟ್ಟು ಯಾವುದು ಯಾವುದಕ್ಕೆ? ತಲೆ ಕೆಟ್ಟು ಹೋಗಿದೆ.

ಎಲ್ಲರ ತಲೆಯೂ ಇಲ್ಲೇ ಕೆಡುವುದು. ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಮಿಸ್ತ್ರಿಗಳ ಭಾಷೆಯಲ್ಲಿ ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು. ಮೂರು ಸೂತಿನ ಬೋಲ್ಟು ಅಂದರೆ 3/8 ಇಂಚು, ನಾಲ್ಕು ಸೂತು ಅಂದರೆ ಅರ್ಧ ಇಂಚು. ಹಳೇ ಬ್ರಿಟಿಷ್ ಇಂಜಿನ್ ಮತ್ತು ಅವುಗಳ ನಕಲುಗಳಲ್ಲಿ ವಿಟ್‌ವರ್ತ್ ಥ್ರೆಡ್ ಜಾಸ್ತಿ. ಅದರ ಹಲ್ಲಿನ ಕೋನ 55 ಡಿಗ್ರಿ. ಮೆಟ್ರಿಕ್ ಮತ್ತು ಅಮೆರಿಕನ್ ಯುಎನ್‌ಸಿ ಥ್ರೆಡ್‌ಗಳದ್ದು 60 ಡಿಗ್ರಿ.

ಮೋಸ ಆಗುವುದು ಹೀಗೆ. ಮೂರು ಸೂತಿನ ವಿಟ್‌ವರ್ತ್‌ನಲ್ಲಿ ಇಂಚಿಗೆ 16 ಹಲ್ಲು, ಯುಎನ್‌ಸಿಯಲ್ಲೂ 16. ನಟ್ಟು ಹೋಗುತ್ತದೆ, ಬಿಗಿಯೂ ಆಗುತ್ತದೆ. ಆದರೆ ಹಲ್ಲು ಹಲ್ಲಿಗೆ ಪೂರ್ತಿ ಕೂತಿರುವುದಿಲ್ಲ. ಕಿಟಕಿ ಬಾಗಿಲಿಗೆ ಪರವಾಗಿಲ್ಲ, ಕನೆಕ್ಟಿಂಗ್ ರಾಡಿನ ಕೆಳತುದಿಯಾದ ಬಿಗ್ ಎಂಡ್‌ಗೆ ಬೇಡವೇ ಬೇಡ. ನಾಲ್ಕು ಸೂತಿಗೆ ಬಂದರೆ ವಿಟ್‌ವರ್ತ್‌ಗೆ 12 ಹಲ್ಲು, ಯುಎನ್‌ಸಿಗೆ 13. ನಟ್ಟು ಒಂದೆರಡು ಸುತ್ತು ಹೋಗಿ ಜಾಮ್ ಆಗುತ್ತದೆ. ಆಗ ನಮ್ಮವರು ಏನು ಮಾಡುತ್ತಾರೆ? ಪಾನಾಗೆ ಪೈಪ್ ಹಾಕಿ ಎಳೆಯುತ್ತಾರೆ. ಅರ್ಧ ಇಂಚಿನ ರಂಧ್ರಕ್ಕೆ ಎಂ12 ಬೋಲ್ಟು ಹಾಕುವುದು ಇನ್ನೂ ಕೆಟ್ಟದ್ದು. 12.7 ಮಿ.ಮೀ. ಜಾಗದಲ್ಲಿ 12 ಮಿ.ಮೀ. ಬೋಲ್ಟು ಸಡಿಲಾಗಿ ಇಳಿಯುತ್ತದೆ, ಬಿಗಿ ಮಾಡಿದಾಗ ಥ್ರೆಡ್ ಕಿತ್ತುಕೊಂಡು ಬರುತ್ತದೆ.

ಥ್ರೆಡ್ ಗೇಜ್ ಒಂದು ತೆಗೆದುಕೊಳ್ಳಿ. ಇಂಚಿನದು, ಮೆಟ್ರಿಕ್‌ನದು ಎರಡೂ. ಅಂದಹಾಗೆ ವಿಟ್‌ವರ್ತ್ ಪಾನಾ ಮೇಲೆ ಬರೆದ ಅಳತೆ ಬೋಲ್ಟಿನ ದಪ್ಪದ್ದು, ತಲೆಯ ಅಗಲದ್ದಲ್ಲ. ‘1/2’ ಎಂದು ಬರೆದ ಪಾನಾ ಬಾಯಿ ಅರ್ಧ ಇಂಚಿಗಿಂತ ದೊಡ್ಡದು ಏಕೆ ಎಂದು ಕೇಳುವವರಿಗೆ ಇದೇ ಉತ್ತರ.

ಬಾಲ್ ಬೇರಿಂಗ್ ಬೇರೆ ಕಂಪನಿಯದು ಹಾಕಬಹುದೇ?

ಹಾಕಬಹುದು. ಇಡೀ ಇಂಜಿನ್‌ನಲ್ಲಿ ಕಣ್ಣು ಮುಚ್ಚಿ ಬದಲಿಸಬಹುದಾದ ವಸ್ತು ಇದೊಂದೇ. ನಂಬರ್ ಒಂದೇ ಇದ್ದರೆ ಅಳತೆಯೂ ಒಂದೇ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದನ್ನು ಐದರಿಂದ ಗುಣಿಸಿದಾಗ ಒಳರಂಧ್ರ ಸಿಗುತ್ತದೆ: 6206 ಅಂದರೆ 30 ಮಿ.ಮೀ. ಆದರೆ 6306 ಕೂಡ 30 ಮಿ.ಮೀ.! ಮೊದಲನೆಯದರ ಹೊರ ಅಳತೆ 62, ಎರಡನೆಯದು 72. ಪೂರ್ತಿ ನಂಬರ್ ಓದಿ. ಹಿಂದೆ ಸಿ3 ಎಂದಿದ್ದರೆ ಅದನ್ನೂ ಬರೆದುಕೊಳ್ಳಿ, ಅದು ಒಳಗಿನ ಸಡಿಲಿನ ಗುರುತು.

ಪಿಸ್ಟನ್ ಹೊಸದು ತಂದೆ. ಕೂರುತ್ತದೆ. ಸಾಕಲ್ವಾ?

ಕೂರುವುದು ಬೇರೆ, ಓಡುವುದು ಬೇರೆ. ನಾಲ್ಕು ವಿಷಯ ನೋಡಬೇಕು.

ಮೊದಲು ಲೋಹ. ಹಳೇ ಪಿಸ್ಟನ್ ಬೀಡು ಕಬ್ಬಿಣದ್ದು, ಹೊಸದು ಅಲ್ಯೂಮಿನಿಯಂ ಆಗಿರಬಹುದು. ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಳೇ ಪಿಸ್ಟನ್‌ಗೆ ಇದ್ದಷ್ಟೇ ಸಂದು ಕೊಟ್ಟು ಬೋರ್ ಮಾಡಿಸಿದರೆ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆಯೂ ಓಡುವುದಿಲ್ಲ, ಜಾಮ್. ತೂಕವೂ ಕಡಿಮೆ ಆಗುವುದರಿಂದ ಇಂಜಿನ್ ಕುಣಿಯುವ ರೀತಿಯೇ ಬದಲಾಗುತ್ತದೆ. ಹಳೇದು, ಹೊಸದು ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡಿ. ಕಿರಾಣಿ ಅಂಗಡಿಯ ತಕ್ಕಡಿ ಸಾಕು.

ಎರಡನೇದು ತಲೆಯ ಆಕಾರ. ಪಿಸ್ಟನ್ ತಲೆಯಲ್ಲಿ ಬಟ್ಟಲಿನ ಹಾಗೆ ಗುಂಡಿ ಇದ್ದರೆ ಅದು ನೇರ ಇಂಜೆಕ್ಷನ್ ಹೆಡ್‌ಗೆ. ಚಪ್ಪಟೆ ಇದ್ದು ಹೆಡ್‌ನಲ್ಲಿ ಬೇರೆ ಕೋಣೆ ಇದ್ದರೆ ಹಳೇ ಪದ್ಧತಿ. ಇದರ ಪಿಸ್ಟನ್ ಅದಕ್ಕೆ ಹಾಕಿದರೆ ಕಂಪ್ರೆಶನ್ ಲೆಕ್ಕ ತಪ್ಪುತ್ತದೆ. ಒಂದೋ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಸುತ್ತಿಗೆ ಹೊಡೆದಂತೆ ಸದ್ದು. ನಾಝಲ್ ಕೂಡ ಇದಕ್ಕೆ ತಕ್ಕಂತೆ ಇರಬೇಕು. ಡಿಎನ್ ಎಂದು ಶುರುವಾಗುವುದು ಪಿಂಟಲ್ ನಾಝಲ್, ಕೋಣೆಯ ಹೆಡ್‌ಗೆ. ಡಿಎಲ್‌ಎಲ್ ಎಂದು ಶುರುವಾಗುವುದು ಸಣ್ಣ ರಂಧ್ರಗಳ ನಾಝಲ್, ನೇರ ಇಂಜೆಕ್ಷನ್‌ಗೆ.

ಮೂರನೇದು ಓವರ್‌ಸೈಜ್. ಪಿಸ್ಟನ್ ಮೇಲೆ 020 ಎಂದಿದ್ದರೆ 20 ಥೌ, 0.50 ಎಂದಿದ್ದರೆ ಅರ್ಧ ಮಿಲಿಮೀಟರ್. 20 ಥೌ ಅಂದರೆ 0.508 ಮಿ.ಮೀ. ಹತ್ತಿರವೇ ಇದೆ, ಆದರೂ ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ. ‘ಮೊದಲು ಬೋರ್ ಮಾಡಿಸಿಬಿಡ್ರಿ, ಪಿಸ್ಟನ್ ನಾಳೆ ಬರ್ತೈತಿ’ ಎಂದು ಯಾರಾದರೂ ಅಂದರೆ ಸಿಲಿಂಡರ್ ಎತ್ತಿಕೊಂಡು ಮನೆಗೆ ಬನ್ನಿ.

ಕೊನೆಗೆ ರಿಂಗ್. ಬೋರ್‌ನಲ್ಲಿ ರಿಂಗ್ ಒಂದನ್ನೇ ಹಾಕಿ, ಪಿಸ್ಟನ್‌ನಿಂದ ನೂಕಿ ನೇರ ಮಾಡಿ, ತುದಿಗಳ ನಡುವಿನ ಸಂದಿಗೆ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. ಇಂಚು ಬೋರ್‌ಗೆ 3ರಿಂದ 4 ಥೌ ಎನ್ನುವುದು ಹಳೇ ಲೆಕ್ಕ. ನಾಲ್ಕೂವರೆ ಇಂಚಿಗೆ 14ರಿಂದ 18 ಥೌ. ಕಡಿಮೆ ಇದ್ದರೆ ತುದಿಯನ್ನು ಅರದಿಂದ ನಯವಾಗಿ ತೀಡಿ.

ಎಲ್ಲ ಜೋಡಿಸಿದ ಮೇಲೆ ಪಿಸ್ಟನ್ ತಲೆ ಹೆಡ್‌ಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಲು ಸೋಲ್ಡರ್ ತಂತಿ ಸಾಕು. ಪಿಸ್ಟನ್ ಮೇಲೆ ತುಂಡು ಇಟ್ಟು, ಹೆಡ್ ಬಿಗಿ ಮಾಡಿ, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಉತ್ತರ. ಆ ಶಿಮ್‌ಗಳ ಲೆಕ್ಕ ಬರೆದಿಡಿ ಎಂದಿದ್ದೆನಲ್ಲ, ಇಲ್ಲಿ ಕೆಲಸಕ್ಕೆ ಬರುತ್ತದೆ.

ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕೆ?

ಉಗುರು ಆಡಿಸಿದಾಗ ಗೀರು ತಾಗಿದರೆ, ಅಥವಾ ಮೈಕ್ರೋಮೀಟರ್‌ನಲ್ಲಿ ಎರಡು ದಿಕ್ಕಿಗೆ ಎರಡು ಅಳತೆ ಬಂದರೆ ಮಾಡಿಸಿ. ಕ್ರ್ಯಾಂಕ್‌ಶಾಫ್ಟ್ ಕೆಲಸಕ್ಕೆ ಬೆಳಗಾವಿ ದೂರದ ಊರುಗಳಿಗೂ ಗೊತ್ತು, ಆ ಚಿಂತೆ ಬೇಡ. ಒಂದನ್ನು ಮಾತ್ರ ಒತ್ತಿ ಹೇಳಿ: ಪಿನ್ ಮತ್ತು ತೋಳು ಸೇರುವ ಮೂಲೆಯ ದುಂಡು ಹಾಗೇ ಉಳಿಯಬೇಕು. ಅಲ್ಲಿ ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು. ಬೇರಿಂಗ್ ಸಂದಿಗೆ ಹಳೇ ಲೆಕ್ಕ, ಶಾಫ್ಟಿನ ಪ್ರತಿ ಇಂಚಿಗೆ ಸುಮಾರು ಒಂದು ಥೌ.

ಬೇರೆ ಇಂಜಿನ್‌ನ ಗಾಲಿ ಸಿಕ್ಕಿದೆ, ರಂಧ್ರ ಹೊಂದುತ್ತದೆ. ಹಾಕಲೇ?

ಇದೊಂದಕ್ಕೆ ನಾನು ಕೈ ಮುಗಿದು ಬೇಡ ಎನ್ನುತ್ತೇನೆ, ಅದು ಎಷ್ಟು ವೇಗಕ್ಕೆ ಮಾಡಿದ್ದು ಎಂದು ಗೊತ್ತಾಗುವವರೆಗೆ. ಕಡ್ಡಿ ಇರುವ ಬೀಡಿನ ಗಾಲಿ 650 ಆರ್‌ಪಿಎಂಗೆ ಮಾಡಿದ್ದಿರಬಹುದು. ಅದನ್ನು 1000ಕ್ಕೆ ಓಡಿಸಿದರೆ ಹೊರಗೆ ಎಳೆಯುವ ಬಲ ಒಂದೂವರೆ ಪಟ್ಟು ಆಗುವುದಲ್ಲ, ಸುಮಾರು 2.4 ಪಟ್ಟು ಆಗುತ್ತದೆ. ವೇಗ ಹೆಚ್ಚಿದಷ್ಟೂ ಬಲ ವರ್ಗದ ಲೆಕ್ಕದಲ್ಲಿ ಏರುತ್ತದೆ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಒಡೆದ ತುಂಡು ಗೋಡೆ ನೋಡುವುದಿಲ್ಲ, ಮನುಷ್ಯರನ್ನೂ ನೋಡುವುದಿಲ್ಲ.

ಗಾಲಿಯನ್ನು ತೂಗು ಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು. ‘ಥಡ್’ ಎಂದರೆ ಎಲ್ಲೋ ಬಿರುಕು ಇದೆ. ಗಾಲಿಯನ್ನು ಶಾಫ್ಟಿಗೆ ಬಿಗಿಯುವ ಕೀಲಿಯನ್ನೂ ಬದಲಿ ಹಾಕಬೇಡಿ. ತಲೆ ಇರುವ ಆ ಕೀಲಿಗೆ ನೂರಕ್ಕೆ ಒಂದರ ಇಳಿಜಾರು ಇರುತ್ತದೆ. ನೀಲಿ ಬಣ್ಣ ಹಚ್ಚಿ, ಹೊಡೆದು, ತೆಗೆದು, ಎಲ್ಲಿ ತಾಗಿದೆ ನೋಡಿ ಅರ ಹಾಕಬೇಕು. ಉದ್ದಕ್ಕೂ ತಾಗುವವರೆಗೆ ಇದೇ ಕೆಲಸ. ನನಗೆ ಒಂದು ಕೀಲಿಗೆ ಅರ್ಧ ದಿನ ಹಿಡಿಯುತ್ತದೆ, ನಾಚಿಕೆ ಏನಿಲ್ಲ.

ನಮ್ಮದು ಕಿರ್ಲೋಸ್ಕರ್. ಅದಕ್ಕೂ ಇದೇ ಗೋಳೇ?

ಕಡಿಮೆ. ಕಿರ್ಲೋಸ್ಕರ್ ಕಥೆ ಶುರುವಾಗಿದ್ದೇ ಬೆಳಗಾವಿಯಲ್ಲಿ, 1888ರಲ್ಲಿ, ಒಂದು ಸೈಕಲ್ ಅಂಗಡಿಯಿಂದ. 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. ಊರಲ್ಲಿ ಕಿರ್ಲೋಸ್ಕರ್ ರಸ್ತೆ ಮಾತ್ರ ಉಳಿಯಿತು. ಡೀಸೆಲ್ ಇಂಜಿನ್ ಕಂಪನಿ ಪುಣೆಯಲ್ಲಿ 1946ರಲ್ಲಿ ಆಯಿತು. ಇವುಗಳ ಭಾಗಕ್ಕೆ ಮಾದರಿ ಹೆಸರು ಸರಿಯಾಗಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಎಡವುವ ಜಾಗ ಒಂದಿದೆ. ಎವಿ1 ಮತ್ತು ಟಿವಿ1 ಎರಡರದ್ದೂ ಸ್ಟ್ರೋಕ್ 110 ಮಿ.ಮೀ., ಎರಡೂ 1500 ಆರ್‌ಪಿಎಂ. ಬೋರ್ ಮಾತ್ರ ಎವಿ1ಗೆ 80, ಟಿವಿ1ಗೆ 87.5. ‘ಸ್ಟ್ರೋಕ್ ಒಂದೇ’ ಎಂಬ ಒಂದೇ ಮಾತಿನ ಮೇಲೆ ಕ್ರ್ಯಾಂಕ್, ರಾಡ್ ಕೊಳ್ಳಬೇಡಿ. ಪಿನ್ನಿನ ದಪ್ಪ, ಅಗಲ, ಕೌಂಟರ್‌ವೇಟ್ ಎಲ್ಲವನ್ನೂ ಅಳೆದು ನೋಡಿ.

ಭಾಗ ಎಲ್ಲೂ ಸಿಗುತ್ತಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯಿಸಬಹುದಲ್ವಾ?

ಹೊಯ್ಯಿಸಬಹುದು. ಫೌಂಡ್ರಿಗಳ ಊರಲ್ಲಿ ಇದ್ದು ಕೊರಗುವುದೇಕೆ? ಆದರೆ ಹಳೇ ಭಾಗವನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದರೆ ಹೊಸದು ಚಿಕ್ಕದಾಗಿ ಬರುತ್ತದೆ. ಬೀಡು ತಣಿಯುವಾಗ ಅಡಿಗೆ ಒಂದು ಸೂತು ಕುಗ್ಗುತ್ತದೆ, ಅಂದರೆ ಹತ್ತಿರ ಹತ್ತಿರ ನೂರಕ್ಕೆ ಒಂದು. ಒಂದು ಅಡಿ ದೂರದ ಎರಡು ಬೋಲ್ಟ್ ರಂಧ್ರ ಒಂದು ಸೂತು ತಪ್ಪಿದರೆ ಬೋಲ್ಟು ಇಳಿಯುವುದೇ ಇಲ್ಲ. ಅದಕ್ಕೇ ಪ್ಯಾಟರ್ನ್ (ಅಚ್ಚು ತೆಗೆಯುವ ಮರದ ಮಾದರಿ) ಮಾಡುವ ಬಡಿಗೇರ ಅಷ್ಟು ಹಿಗ್ಗಿಸಿದ ಬೇರೆ ಸ್ಕೇಲ್ ಇಟ್ಟುಕೊಂಡಿರುತ್ತಾನೆ. ಮಶಿನ್ ಮಾಡುವ ಮುಖಗಳಿಗೆ ಇನ್ನೂ ಸ್ವಲ್ಪ ದಪ್ಪ ಸೇರಿಸಬೇಕು. ಸುಮ್ನೆ ಹಳೇ ಭಾಗದ ಮೇಲೆ ಪಟ್ಟಿ ಅಂಟಿಸಿ ದಪ್ಪ ಮಾಡಿ ಒತ್ತಿಸುವವರೂ ಇದ್ದಾರೆ. ನೀರಿನ ಬೆಂಡು (ಬಾಗಿದ ಕೊಳವೆ), ಕಿಟಕಿ ಬಾಗಿಲು, ಬ್ರ್ಯಾಕೆಟ್‌ಗೆ ಅದೂ ನಡೆಯುತ್ತದೆ.

ಗಾಲಿ ಮತ್ತು ಕನೆಕ್ಟಿಂಗ್ ರಾಡ್ ಎರಡನ್ನು ಮಾತ್ರ ಹೀಗೆ ಮಾಡಿಸಬೇಡಿ.

2019ರ ನೆರೆಯಲ್ಲಿ ಇಂಜಿನ್ ಮುಳುಗಿತ್ತು. ಏನಾದರೂ ಉಳಿದಿರುತ್ತದೆಯೇ?

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯವರು ಈಗಲೂ ಇದನ್ನು ಕೇಳುತ್ತಾರೆ. ಬೀಡಿನ ಭಾಗಗಳು ಬಹುತೇಕ ಉಳಿದಿರುತ್ತವೆ. ಡೀಸೆಲ್ ಪಂಪು, ನಾಝಲ್, ರೋಲರ್ ಬೇರಿಂಗ್ ಹೋದವು ಎಂದೇ ತಿಳಿಯಿರಿ.

ತುಕ್ಕಿಗೆ ನಮ್ಮ ಕಡೆಯ ಔಷಧ ಕಾಕಂಬಿ. ದನದ ಮೇವಿಗೆ ಬೆರೆಸುತ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿ, ಒಂಬತ್ತು ಹತ್ತು ಪಾಲು ನೀರು, ಒಂದೆರಡು ವಾರ ಮುಳುಗಿಸಿಡಿ. ವಾಸನೆಗೆ ಮನೆಯವರು ಬೈಯುತ್ತಾರೆ, ತುಕ್ಕು ಮಾತ್ರ ಬಿಟ್ಟುಕೊಡುತ್ತದೆ. ಅಲ್ಯೂಮಿನಿಯಂ ಭಾಗವನ್ನು ಇದರಲ್ಲಿ ಹಾಕಬೇಡಿ, ತಿಂದುಬಿಡುತ್ತದೆ. ತೆಗೆದ ತಕ್ಷಣ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ.

ನೀರು ಓಡಾಡುವ ಜಾಕೆಟ್‌ನಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದರೆ ಸಿಟ್ರಿಕ್ ಆಮ್ಲ ಬಿಸಿ ನೀರಿನಲ್ಲಿ ಕರಗಿಸಿ ಬಿಡಿ. ಹಳೇ ಹೆಡ್ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನು ಕೆರೆದು ಪುಡಿ ಎಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ.

ಭಂಗಾರ (ಗುಜರಿ) ಅಂಗಡಿಗೆ ಹೋಗುವಾಗ ಏನು ಒಯ್ಯಬೇಕು?

ವರ್ನಿಯರ್, ಥ್ರೆಡ್ ಗೇಜ್, ಒಂದು ಆಯಸ್ಕಾಂತ, ನಿಮ್ಮ ಅಳತೆ ಬರೆದ ಚೀಟಿ. ಸಾಧ್ಯವಾದರೆ ಹಳೇ ಭಾಗವನ್ನೇ ಚೀಲದಲ್ಲಿ ಒಯ್ಯಿರಿ. ಬೆಲೆ ಕಿಲೋ ಲೆಕ್ಕದಲ್ಲಿ ಮಾತಾಡಿ. ‘ಅಸಲಿ ಲಿಸ್ಟರ್’ ಎಂಬ ಮಾತು ನಿಮ್ಮ ಬಾಯಿಂದ ಬಂದರೆ ಅಲ್ಲಿಂದ ಅದು ಕಿಲೋ ಲೆಕ್ಕದಲ್ಲಿ ಇರುವುದಿಲ್ಲ.

ಎಲ್ಲ ಜೋಡಿಸಿ ಆಯಿತು. ಮೊದಲ ಸ್ಟಾರ್ಟ್ ಹೇಗೆ?

ಮೊದಲು ಡೀಸೆಲ್ ಬಂದ್ ಇಟ್ಟು, ಕಂಪ್ರೆಶನ್ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ, ಗಾಲಿಯನ್ನು ಇಪ್ಪತ್ತು ಮೂವತ್ತು ಸುತ್ತು ಕೈಯಿಂದ ತಿರುಗಿಸಿ. ಎಲ್ಲಾದರೂ ಹಿಡಿದರೆ ನಿಲ್ಲಿಸಿ, ಹುಡುಕಿ. ಪಂಪಿನ ರ‍್ಯಾಕ್ (ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು) ಸಲೀಸಾಗಿ ಬಂದ್ ಕಡೆ ಹೋಗುತ್ತದೆಯೇ ಎಂದು ಎರಡು ಸಲ ನೋಡಿ. ಅದು ಸಿಕ್ಕಿಕೊಂಡರೆ ಇಂಜಿನ್ ಕೈಗೆ ಸಿಗದೆ ಓಡುತ್ತದೆ. ಗಾಳಿ ಒಳಗೆ ಹೋಗುವ ಬಾಯಿ ಮುಚ್ಚಲು ಒಂದು ಮರದ ಹಲಗೆ ಕೈಗೆಟುಕುವಂತೆ ಇಟ್ಟುಕೊಳ್ಳಿ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ, ಸುತ್ತಿ ಹಿಡಿಯಬೇಡಿ. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ, ಹೆಬ್ಬೆರಳು ಉಳಿಯುತ್ತದೆ.

ಇಂಜಿನ್ ಸ್ಟಾರ್ಟ್ ಆದ ಮೇಲೆ ಹದಿನೈದು ನಿಮಿಷ ಲೋಡ್ ಇಲ್ಲದೆ ಬಿಡಿ, ನಿಲ್ಲಿಸಿ, ಕಿಟಕಿ ಬಾಗಿಲು ತೆಗೆದು ಬಿಗ್ ಎಂಡ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಮತ್ತೆ ಬಿಚ್ಚಬೇಕು. ಬೆಚ್ಚಗೆ ಇದ್ದರೆ ಇನ್ನೊಂದು ಗಂಟೆ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಎಣ್ಣೆ ಚೆಲ್ಲಿ ಹೊಸದು ಹಾಕಿ. ಚೆಲ್ಲಿದ ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ. ಬೂದು ಬಣ್ಣದ ಸಣ್ಣ ಪುಡಿ ಮೊದಲ ಸಲ ಇದ್ದೇ ಇರುತ್ತದೆ. ಹೊಳೆಯುವ ಚಕ್ಕೆ ಕಂಡರೆ ನನ್ನ ಹತ್ತಿರ ತನ್ನಿ, ಚಹಾ ಕುಡಿಯುತ್ತಾ ಯಾವ ಬೇರಿಂಗ್‌ನದು ಎಂದು ನೋಡೋಣ.